ಊರಿಗೆ ಮಾರಿ ಬಂದ ವರ್ಷ ಯಾವುದೆಂದು ಹುಡುಕುವುದು ಹೇಗೆ? ಇಂಗ್ಲೆಂಡಿನ ಒಂದು ಹಳ್ಳಿ ನೋಡಿ ಬಂದ ಮೇಲೆ ಹುಟ್ಟಿದ ಪ್ರಶ್ನೆ

ಪೆನ್ಶನ್ ಮಾಷ್ಟ್ರು (ಶಿರ್ವ ಹತ್ತಿರ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಪೀಠಿಕೆ ಉದ್ದ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವ ನಾನು. ಬೆಲ್ ಹೊಡೆಯುವ ತನಕ ನಿಲ್ಲಿಸಿ ಅಭ್ಯಾಸವಿಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ಮಗ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ನಾನೂ ಮನೆಯವಳೂ ಮೂರು ತಿಂಗಳು ಅಲ್ಲಿದ್ದೆವು. ಒಂದು ಶನಿವಾರ ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಒಂದು ಹಳ್ಳಿಗೆ ಕರೆದುಕೊಂಡು ಹೋದ. ಬೋರ್ಡು ನೋಡಿ ನಾನು 'ಎಯಾಮ್' ಅಂದೆ. ಮೊಮ್ಮಗಳು 'ಅಜ್ಜ, ಅದು ಈಮ್' ಎಂದು ತಿದ್ದಿದಳು. ಡರ್ಬಿಶೈರಿನ ಗುಡ್ಡದ ಊರು. ಜನಸಂಖ್ಯೆ ಸಾವಿರವೂ ಇಲ್ಲ. ಹಿಂದೆ ಸೀಸದ ಗಣಿಯಲ್ಲಿ ದುಡಿಯುವವರ ಊರಾಗಿತ್ತಂತೆ. ಕಲ್ಲಿನ ಮನೆಗಳು, ಒಂದು ಚರ್ಚು, ಅದರ ಅಂಗಳದಲ್ಲಿ ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಶಿಲುಬೆ. ಇಷ್ಟೇ ಆಗಿದ್ದರೆ ಫೋಟೋ ತೆಗೆದು, ಚಹಾ ಕುಡಿದು ಬರುತ್ತಿದ್ದೆವು.

ಚರ್ಚಿನ ಪಕ್ಕದ ಮನೆಯ ಎದುರು ಹಸಿರು ಬಣ್ಣದ ಒಂದು ಬೋರ್ಡು ಇತ್ತು. ಅದರ ಮೇಲೆ ಆ ಮನೆಯಲ್ಲಿ ಸತ್ತವರ ಹೆಸರು ಮತ್ತು ತಾರೀಕು. 1665ರಲ್ಲಿ ಲಂಡನ್ನಿನಿಂದ ಆ ಮನೆಯ ದರ್ಜಿಗೆ ಬಟ್ಟೆಯ ಗಂಟು ಬಂತು. ಬಟ್ಟೆಗೆ ಥಂಡಿ ಹಿಡಿದಿತ್ತು ಎಂದು ಒಲೆಯ ಎದುರು ಹರಡಿ ಒಣಗಿಸಿದರು. ಬಟ್ಟೆಯ ಜೊತೆ ಪ್ಲೇಗಿನ ಚಿಗಟವೂ ಬಂದಿತ್ತು ಎಂದು ಅಲ್ಲಿಯವರು ಹೇಳುತ್ತಾರೆ. ಬಟ್ಟೆ ಬಿಚ್ಚಿದ ಕೆಲಸದಾಳು ಜಾರ್ಜ್ ವಿಕಾರ್ಸ್ ಸೆಪ್ಟೆಂಬರ್ 7ಕ್ಕೆ ಸತ್ತ. ಅದೇ ತಿಂಗಳು 22ಕ್ಕೆ ಆ ಮನೆಯ ಸಣ್ಣ ಹುಡುಗ, ಪ್ರಾಯ 4. ಅಕ್ಟೋಬರ್ 2ಕ್ಕೆ ಅವನ ಅಣ್ಣ, ಪ್ರಾಯ 12. ಮರುವರ್ಷ ಆಗಸ್ಟಿನಲ್ಲಿ ಯಜಮಾನ. ಮನೆಯಲ್ಲಿ ಉಳಿದವಳು ಹೆಂಗಸೊಬ್ಬಳೇ.

ನಾನು ಆ ಬೋರ್ಡನ್ನು ಎರಡು ಸಲ ಓದಿದೆ. ಮುಂದಿನ ಮನೆಗೆ ಹೋದರೆ ಅಲ್ಲೂ ಬೋರ್ಡು. ಅದರ ಮುಂದಿನದಕ್ಕೂ. ಮುನ್ನೂರ ಅರುವತ್ತು ವರ್ಷ ಹಿಂದಿನ ಸಾವಿಗೆ ಮನೆ ನಂಬರ್ ಹಾಕಿದ ಹಾಗೆ! ಒಟ್ಟು 260 ಜನ ಸತ್ತರು ಎಂದು ಲೆಕ್ಕ.

ಆ ಊರು ಹೆಸರಾದದ್ದು ಬೇರೆ ಕಾರಣಕ್ಕೆ. ಚರ್ಚಿನ ಪಾದ್ರಿ ವಿಲಿಯಂ ಮಾಂಪೆಸನ್ ಹೊಸಬ. ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿಗೂ ಅವನಿಗೂ ಸರಿ ಇರಲಿಲ್ಲ. ಆದರೂ ಇಬ್ಬರೂ ಸೇರಿ 1666ರ ಜೂನಿನಲ್ಲಿ ಊರವರನ್ನು ಒಪ್ಪಿಸಿದರು: ಯಾರೂ ಗಡಿ ದಾಟುವುದು ಬೇಡ, ರೋಗ ಇಲ್ಲೇ ಮುಗಿಯಲಿ, ಪಕ್ಕದ ಊರಿಗೆ ಹೋಗದಿರಲಿ. ಹತ್ತಿರದ ಚಾಟ್ಸ್‌ವರ್ತ್ ಅರಮನೆಯ ಅರ್ಲ್ ಎಂಬ ದೊರೆ ಆಹಾರ ಕಳಿಸಿಕೊಟ್ಟ. ಚರ್ಚಿನ ಒಳಗೆ ಗುಂಪು ಸೇರಬಾರದೆಂದು ಪೂಜೆಯನ್ನು ಬಯಲಿಗೆ ತಂದರು. ಸತ್ತವರನ್ನು ಅವರವರ ಮನೆಯವರೇ ತೋಟದಲ್ಲೋ ಗದ್ದೆಯಲ್ಲೋ ಹುಗಿದರು.

ಊರಿನ ಗಡಿಯಲ್ಲಿ ಒಂದು ಬಂಡೆ ಉಂಟು. ನೆಲಕ್ಕೆ ಅಂಟಿದ ಹಾಗೆ, ನಮ್ಮಲ್ಲಿ ಬಟ್ಟೆ ಒಗೆಯುವ ಕಲ್ಲಿನ ಜಾತಿ. ಅದರಲ್ಲಿ ಆರು ತೂತು. ಊರವರು ತೂತಿಗೆ ವಿನೆಗರ್ ತುಂಬಿಸಿ, ಅದರಲ್ಲಿ ದುಡ್ಡಿನ ನಾಣ್ಯ ಹಾಕಿ ಹೋಗುತ್ತಿದ್ದರು. ಆಚೆ ಊರಿನವರು ಬಂದು ದುಡ್ಡು ತೆಗೆದುಕೊಂಡು ದಿನಸಿ ಇಟ್ಟು ಹೋಗುತ್ತಿದ್ದರು. ನಾನು ಒಂದು ತೂತಿಗೆ ಹೆಬ್ಬೆರಳು ಹಾಕಿ ನೋಡಿದೆ. ಅಂಚು ಸವೆದು ನುಣ್ಣಗಾಗಿದೆ, ಅಡಿಯಲ್ಲಿ ಮಳೆನೀರು. ಮೊಮ್ಮಗಳು ಒಂದು ಪೆನ್ನಿ ಹಾಕಿದಳು. ಮನೆಯವಳು 'ಕಾಣಿಕೆ ಡಬ್ಬಿ ಅಲ್ಲ ಅದು' ಎಂದು ಬೈದು, ಆಮೇಲೆ ತಾನೂ ಒಂದು ಹಾಕಿದಳು.

ಈಗ ನಮ್ಮ ಊರಿಗೆ ಬರುತ್ತೇನೆ.

ನಮ್ಮ ಮನೆಯ ಪಡುವಣ ಬದಿಗೆ, ಬೈಲು ಮುಗಿದು ಗುಡ್ಡೆ ಶುರುವಾಗುವಲ್ಲಿ, ಕಲ್ಲು ತುಂಬಿಸಿ ಮುಚ್ಚಿದ ಒಂದು ಹಳೆಯ ಬಾವಿ ಉಂಟು. ಅದರ ಸುತ್ತ ಮೂರು ಮನೆಯ ಪಂಚಾಂಗ (ಅಡಿಪಾಯ) ಕಾಣುತ್ತದೆ. ಕೆಂಪು ಕಲ್ಲು ಮಾತ್ರ, ಉಳಿದದ್ದೆಲ್ಲ ಪೊದೆ. 'ಮಾರಿ ಬಂದು ಒಂದೇ ವಾರದಲ್ಲಿ ಮೂರು ಮನೆ ಖಾಲಿ ಆಯಿತು' ಎಂದು ಅಜ್ಜಿ ಹೇಳುತ್ತಿದ್ದಳು. ತುಳುವಿನ ಆಟಿ ತಿಂಗಳು (ಜುಲೈ-ಆಗಸ್ಟ್), ಬಿಡದ ಮಳೆ. ಆಗ ಅವಳು ಸಣ್ಣವಳು. ಅವಳನ್ನೂ ತಮ್ಮಂದಿರನ್ನೂ ಗಾಡಿ ಕಟ್ಟಿ ಕಾರ್ಕಳ ಕಡೆಯ ಸಂಬಂಧಿಕರ ಮನೆಗೆ ಕಳಿಸಿದ್ದರಂತೆ. ಎರಡು ತಿಂಗಳು ಬಿಟ್ಟು ಬಂದು ನೋಡಿದರೆ ಬಾವಿಯ ನೀರು ಕೆಂಪಾಗಿತ್ತಂತೆ. 'ಮಾರಿಯ ರಕ್ತ' ಎಂದು ನಾವು ಮಕ್ಕಳು ಹೆದರಿ, ಆ ಕಡೆ ದನ ಅಟ್ಟಲಿಕ್ಕೂ ಹೋಗುತ್ತಿರಲಿಲ್ಲ.

ಅಜ್ಜಿ 1982ರಲ್ಲಿ ತೀರಿಕೊಂಡಳು, ಪ್ರಾಯ ಎಂಬತ್ತರ ಹತ್ತಿರ. ಸತ್ತವರ ಹೆಸರು ನಾನು ಅವಳ ಹತ್ತಿರ ಒಂದು ದಿನವೂ ಕೇಳಲಿಲ್ಲ. ಕ್ಲಾಸಿನಲ್ಲಿ ಪಾಣಿಪತ್ ಯುದ್ಧದ ಮೂರೂ ಇಸವಿ ಬಾಯಿಪಾಠ ಮಾಡಿಸುತ್ತಿದ್ದೆ, ಮನೆಯ ಹಿತ್ತಲಿನ ಇಸವಿ ಗೊತ್ತಿಲ್ಲ.

ಮತ್ತೊಂದು ಮಾತು ತಲೆ ಕೊರೆಯುತ್ತಾ ಉಂಟು. ಮಾರಿ ಬಂದಾಗ ನಮ್ಮೂರಿನವರು ಏನು ಮಾಡಿದ್ದು? ಊರೆಲ್ಲ ಸೇರಿ, ದುಡಿ ಬಡಿದು, ಬೊಬ್ಬೆ ಹಾಕಿ, ಮಾರಿಯನ್ನು ಓಡಿಸಿಕೊಂಡು ಹೋಗಿ ಗಡಿ ದಾಟಿಸಿ ಬಂದರು. ಆ ಇಂಗ್ಲಿಷ್ ಹಳ್ಳಿಯವರು ಮಾರಿಯನ್ನು ಗಡಿಯ ಒಳಗೆ ಕಟ್ಟಿಹಾಕಿ ಕೂತರು. ನಾವು ಗಡಿ ದಾಟಿಸಿ ಕೈ ತೊಳೆದುಕೊಂಡೆವು. ಈ ಯೋಚನೆ ಬಂದ ಮೇಲೆ ವಿಮಾನದಲ್ಲಿ ನಿದ್ದೆಯೇ ಬರಲಿಲ್ಲ.

ಪ್ರಶ್ನೆ: ಆ ಮೂರು ಮನೆಯವರ ಹೆಸರು, ಸತ್ತ ವರ್ಷ, ರೋಗ, ಇವು ಎಲ್ಲಾದರೂ ದಾಖಲೆಯಲ್ಲಿ ಸಿಗಬಹುದಾ? ಎಲ್ಲಿ ಹುಡುಕಬೇಕು? ಅವರು ಕ್ರಿಶ್ಚಿಯನ್ನರಲ್ಲ, ಆದ್ದರಿಂದ ಇಗರ್ಜಿಯ (ಚರ್ಚಿನ) ಪುಸ್ತಕದಲ್ಲಿ ಇರಲಿಕ್ಕಿಲ್ಲ. ಸುಟ್ಟದ್ದು, ಹಾಗಾಗಿ ಗೋರಿಯೂ ಇಲ್ಲ.

---

ಶೆಫೀಲ್ಡ್ ಸಿಸ್ಟರ್

ಮಾಷ್ಟ್ರೇ, ನನ್ನ ತವರು ಮೂಡುಬೆಳ್ಳೆ. ಇಲ್ಲಿಗೆ ಬಂದು 19 ವರ್ಷ ಆಯಿತು, ನರ್ಸ್ ಕೆಲಸ. ಮೊದಲೇ ಗೊತ್ತಿದ್ದರೆ ಮನೆಗೆ ಕರೆದು ಮೀನು ಸಾರು ಮಾಡಿ ಬಡಿಸುತ್ತಿದ್ದೆ. ಇಲ್ಲಿ ಬಂಗುಡೆ ಚೆನ್ನಾಗಿ ಸಿಗುತ್ತದೆ.

ಈಮ್‌ಗೆ ನಾನು ಹತ್ತು ಸಲವಾದರೂ ಹೋಗಿದ್ದೇನೆ. ನೀವು ರೈಲಿ ಗದ್ದೆಗೆ ಹೋದಿರಾ? ಊರಿನಿಂದ ಸ್ವಲ್ಪ ಮೇಲೆ, ಗುಡ್ಡದ ಇಳಿಜಾರಿನಲ್ಲಿ ಸಣ್ಣ ಕಲ್ಲಿನ ಗೋಡೆಯ ಒಳಗೆ ಏಳು ಸಮಾಧಿ. ಎಲಿಜಬೆತ್ ಹ್ಯಾಂಕಾಕ್ ಎಂಬ ಹೆಂಗಸು 1666ರ ಆಗಸ್ಟಿನಲ್ಲಿ ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಗುಂಡಿ ತೋಡಿ ಹುಗಿದಳು. ಎದುರು ಗುಡ್ಡದಿಂದ ಪಕ್ಕದೂರಿನವರು ನೋಡುತ್ತಾ ನಿಂತಿದ್ದರಂತೆ, ಹತ್ತಿರ ಬರಲಿಲ್ಲ. ಕೊರೋನಾ ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ ಮೇಲೆ ನಾನು ಒಬ್ಬಳೇ ಅಲ್ಲಿಗೆ ಹೋಗಿ ಅರ್ಧ ಗಂಟೆ ಕೂತಿದ್ದೆ. ಜಾಸ್ತಿ ಏನೂ ಹೇಳುವುದಿಲ್ಲ.

ಆದರೆ ಮಾಷ್ಟ್ರೇ, ನೀವು ಆ ಊರನ್ನು ಸ್ವಲ್ಪ ಜಾಸ್ತಿಯೇ ಎತ್ತರಕ್ಕೆ ಏರಿಸಿದ್ದೀರಿ. ಲೆಕ್ಕ ನೋಡಿ. ಮೊದಲ ಸಾವು 1665ರ ಸೆಪ್ಟೆಂಬರ್. ಗಡಿ ಮುಚ್ಚಿದ್ದು ಮುಂದಿನ ಜೂನ್. ನಡುವೆ ಒಂಬತ್ತು ತಿಂಗಳು ಉಂಟಲ್ಲ? ಕೈಯಲ್ಲಿ ಕಾಸಿದ್ದವರು ಹೊರಡಲಿಕ್ಕೆ ಅಷ್ಟು ಸಮಯ ಸಾಕು, ಹೊರಟವರೂ ಇದ್ದಾರೆ. ಪಾದ್ರಿ ತನ್ನ ಇಬ್ಬರು ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದ. ಹೆಂಡತಿ ಕ್ಯಾಥರಿನ್ ಹೋಗಲು ಒಪ್ಪಲಿಲ್ಲ, ಅವನ ಜೊತೆಗೇ ಉಳಿದಳು, ಆಗಸ್ಟಿನಲ್ಲಿ ಸತ್ತಳು. ಅವಳ ಸಮಾಧಿ ಚರ್ಚಿನ ಅಂಗಳದಲ್ಲೇ ಉಂಟು, ನೀವು ಹೇಳಿದ ಆ ಶಿಲುಬೆಯ ಹತ್ತಿರ.

ಆಮೇಲೆ ಮಾರ್ಷಲ್ ಹೋ ಎಂಬವ. ಒಮ್ಮೆ ಪ್ಲೇಗ್ ಬಂದು ಬದುಕಿದ್ದರಿಂದ ಇನ್ನು ತನಗೆ ಏನೂ ಆಗುವುದಿಲ್ಲ ಎಂದುಕೊಂಡು, ಹೆಣ ಹುಗಿಯಲು ಯಾರೂ ಇಲ್ಲದ ಮನೆಗೆ ಹೋಗಿ ಹುಗಿಯುತ್ತಿದ್ದ. ಕೂಲಿಯಾಗಿ ಸತ್ತವರ ಮನೆಯ ಸಾಮಾನು ಎತ್ತಿಕೊಂಡು ಬರುತ್ತಿದ್ದ. ಕೊನೆಗೆ ಅವನದೇ ಹೆಂಡತಿ ಮತ್ತು ಮಗ ಹೋದರು. ಸಾಮಾನಿನ ಜೊತೆಗೇ ರೋಗವನ್ನೂ ಮನೆಗೆ ತಂದ ಎಂದು ಊರವರ ಮಾತು. ಇಂಥವರೂ ಆ 'ತ್ಯಾಗದ ಹಳ್ಳಿ'ಯವರೇ.

ಅಲ್ಲಿ ಹೇಳುವ ಕತೆಗಳಲ್ಲಿ ಎಷ್ಟೋ ಊರವರ ಬಾಯಿಂದ ಬಾಯಿಗೆ ಬಂದದ್ದು. ವಿಲಿಯಂ ವುಡ್ ಎಂಬ ಆ ಊರಿನವರೇ ಅವನ್ನೆಲ್ಲ ಸೇರಿಸಿ 1842ರಲ್ಲಿ ಪುಸ್ತಕ ಮಾಡಿದರು. ಅಂದರೆ ಪ್ಲೇಗ್ ಆಗಿ 175 ವರ್ಷದ ಮೇಲೆ. ಹೆಸರು, ತಾರೀಕು ಚರ್ಚಿನ ರಿಜಿಸ್ಟರಿನದ್ದು. ಉಳಿದದ್ದು ನಿಮ್ಮ ಅಜ್ಜಿಯ ಕತೆಯ ಜಾತಿಯೇ.

ಇನ್ನೊಂದು. ಆಗಸ್ಟಿನ ಕೊನೆಯ ಭಾನುವಾರ ಬಯಲಿನಲ್ಲಿ ನೆನಪಿನ ಪೂಜೆ ಇರುತ್ತದೆ. ಅದೇ ಸಮಯಕ್ಕೆ ಊರಿನ ಬಾವಿಕಟ್ಟೆಗಳಿಗೆ ಹಸಿ ಜೇಡಿಮಣ್ಣು ಮೆತ್ತಿದ ಹಲಗೆ ಇಟ್ಟು, ಅದರ ಮೇಲೆ ಹೂವಿನ ಎಸಳು ಅಂಟಿಸಿ ಚಿತ್ರ ಮಾಡುತ್ತಾರೆ. ಡರ್ಬಿಶೈರಿನ ಪದ್ಧತಿ ಅದು. ನಿಮ್ಮ ಮುಚ್ಚಿದ ಬಾವಿ ಓದಿದಾಗ ಅದೇ ಕಣ್ಣೆದುರು ಬಂತು.

---

ಇಗರ್ಜಿ ಗಂಟೆ

ಚರ್ಚಿನ ರಿಜಿಸ್ಟರ್ ವಿಷಯ ಬಂತಲ್ಲ, ಅದಕ್ಕೆ ಎರಡು ಸಾಲು. ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿ ಚರ್ಚು ಜ್ಞಾನಸ್ನಾನ, ಮದುವೆ, ಸಾವು ಬರೆದಿಡಬೇಕೆಂದು ಅರಸನ ಕಡೆಯಿಂದಲೇ ಆಜ್ಞೆ ಆಗಿತ್ತು. ಹಾಗಾಗಿ ಬಡವನ ಹೆಸರೂ ಉಳಿಯಿತು. ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರಿಗೂ ಅಂಥ ಪುಸ್ತಕ ಉಂಟು. ಆದರೆ 1784ರಲ್ಲಿ ಟಿಪ್ಪು ಕ್ರಿಶ್ಚಿಯನ್ನರನ್ನು ಸೆರೆ ಒಯ್ದಾಗ ಇಗರ್ಜಿಗಳು ನೆಲಸಮವಾದವು. 1799ರ ನಂತರ ಉಳಿದವರು ತಿರುಗಿ ಬಂದು ಮತ್ತೆ ಒಂದರಿಂದ ಶುರು ಮಾಡಿದ್ದು. ನನ್ನ ಮನೆತನದ ಕೊಂಡಿಯೂ ಅಲ್ಲಿಗೇ ನಿಲ್ಲುತ್ತದೆ. ಹೆಸರು ಇಲ್ಲದ ದುಃಖ ನಿಮಗೆ ಮಾತ್ರ ಅಲ್ಲ ಮಾಷ್ಟ್ರೇ.

ಆದರೂ ಹತ್ತಿರದ ಇಗರ್ಜಿಯ ಸಾವಿನ ಪುಸ್ತಕ ಒಮ್ಮೆ ನೋಡಿ. ನಿಮ್ಮ ಮೂರು ಮನೆ ಅದರಲ್ಲಿ ಇರಲಿಕ್ಕಿಲ್ಲ, ಸರಿ. ಆದರೆ ರೋಗಕ್ಕೆ ಜಾತಿ ಇಲ್ಲವಲ್ಲ? ಯಾವ ವರ್ಷ ಜುಲೈ-ಆಗಸ್ಟಿನಲ್ಲಿ ಒಂದೇ ಸಲ ಪುಟ ತುಂಬಿದೆ ಎಂದು ಕಂಡರೆ ವರ್ಷ ಸಿಕ್ಕಿದ ಹಾಗೆ. ಫಾದರಿಗೆ ಒಂದು ಅರ್ಜಿ ಬರೆದು, ಸ್ವತಃ ಹೋಗಿ ಮಾತಾಡಿ. ಫೋನಿನಲ್ಲಿ ಆಗುವ ಕೆಲಸ ಅಲ್ಲ.

---

ರಿಟೈರ್ಡ್ ಹೆಲ್ತ್ ಇನ್‌ಸ್ಪೆಕ್ಟರ್

ಮಾಷ್ಟ್ರೇ, ನಿಮ್ಮ ಪೋಸ್ಟಿನಲ್ಲಿ ಉತ್ತರ ಅರ್ಧ ನೀವೇ ಬರೆದಿದ್ದೀರಿ, ನಿಮಗೆ ಗೊತ್ತಾಗಲಿಲ್ಲ.

ಬಾವಿಯ ನೀರು ಕೆಂಪಾಗಿತ್ತು ಅಂದಿರಲ್ಲ? ಅದು ಮಾರಿಯ ರಕ್ತ ಅಲ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್. 1890ರ ದಶಕದಲ್ಲಿ ಹ್ಯಾಂಕಿನ್ ಎಂಬ ವಿಜ್ಞಾನಿ ಆಗ್ರಾದಲ್ಲಿ ಕೆಲಸ ಮಾಡುತ್ತಾ, ಕಾಲರಾ ಬಂದ ಊರಿನ ಬಾವಿಗೆ ಇದನ್ನು ಹಾಕುವ ಕ್ರಮ ತಂದರು. ಆಮೇಲೆ ಬ್ರಿಟಿಷ್ ಸರಕಾರ ಎಲ್ಲ ಕಡೆ ಅದನ್ನೇ ಮಾಡಿಸಿತು. ನೀಲಿ-ಕಪ್ಪು ಹರಳು. ಒಂದು ಚಿಟಿಕೆ ಬಿದ್ದರೆ ಸಾಕು, ಬಕೆಟ್ ನೀರು ಗುಲಾಬಿಯಾಗುತ್ತದೆ. ಜಾಸ್ತಿ ಬಿದ್ದರೆ ಕೆಂಪು-ನೇರಳೆ, ಆಮೇಲೆ ಕಂದು. ನಮ್ಮ ಕಾಲಕ್ಕೆ ಬ್ಲೀಚಿಂಗ್ ಪೌಡರ್ ಬಂದಿತ್ತು, ಆದರೆ ನನಗೆ ಕೆಲಸ ಕಲಿಸಿದ ಹಿರಿಯರು ಪರ್ಮಾಂಗನೇಟ್ ಡಬ್ಬಿ ಹೊತ್ತವರು. ಅದನ್ನು ಹಾಕಿದರೆ ಜನ ಮೂರು ದಿನ ಆ ನೀರು ಮುಟ್ಟುತ್ತಿರಲಿಲ್ಲ, ಅದೂ ಒಳ್ಳೆಯದೇ ಆಗುತ್ತಿತ್ತು ಎಂದು ನಗುತ್ತಿದ್ದರು.

ಅಂದರೆ ರೋಗ ಕಾಲರಾ. ನಮ್ಮ ಹಿರಿಯರ ಮಾತಿನಲ್ಲಿ ವಾಂತಿಬೇಧಿ. ಇನ್ನೂ ಎರಡು ಸಾಕ್ಷಿ ಉಂಟು. ಒಂದು, ಆಟಿ ತಿಂಗಳ ಮಳೆ. ಗುಡ್ಡೆಯ ನೀರು ಹರಿದು ತಗ್ಗಿನ ಬಾವಿಗೆ ಇಳಿಯುವ ಸಮಯ, ಬಾವಿಗೆ ಕಟ್ಟೆ ಇಲ್ಲದಿದ್ದರೆ ಕತೆ ಮುಗಿಯಿತು. ಎರಡು, ಒಂದೇ ಬಾವಿಯ ಮೂರು ಮನೆ, ಒಂದೇ ವಾರ. ಸಿಡುಬು ಹಾಗೆ ಬರುವುದಿಲ್ಲ. ಅದು ಒಬ್ಬನಿಗೆ ಬಂದು, ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಬ್ಬನಿಗೆ ಬರುತ್ತದೆ. 1918ರ ಇನ್‌ಫ್ಲುಯೆಂಜಾ ಇರಬಹುದು ಎಂದು ಯಾರಾದರೂ ಹೇಳಿಯಾರು. ಅದು ನಮ್ಮ ದೇಶದಲ್ಲಿ ಜೋರು ಮಾಡಿದ್ದು ಮಳೆ ಕಳೆದ ಮೇಲೆ, ಸೆಪ್ಟೆಂಬರಿನಿಂದ ಈಚೆಗೆ. ಆಟಿಗೆ ಹೊಂದುವುದಿಲ್ಲ.

ನಾನು ಸಿಡುಬಿನ ಕೊನೆಯ ಕಾಲದಲ್ಲಿ ಕೆಲಸಕ್ಕೆ ಸೇರಿದವ. ಮೈತುಂಬ ಗುಳ್ಳೆ ಎದ್ದ ಮಗುವಿನ ಚಿತ್ರದ ಕಾರ್ಡು ಹಿಡಿದು ಮನೆ ಮನೆ ತಿರುಗಿ 'ಇಂಥದ್ದು ಕಂಡಿರಾ' ಎಂದು ಕೇಳುವುದೇ ಕೆಲಸ. ಹಳೆಯ ಹೆಂಗಸರು ಕಾರ್ಡು ನೋಡಿದ ಕೂಡಲೇ ಕೈಮುಗಿಯುತ್ತಿದ್ದರು. ಅವರಿಗೆ ಎಲ್ಲವೂ ಮಾರಿಯೇ, ಸಿಡುಬೂ ಮಾರಿ, ಕಾಲರವೂ ಮಾರಿ. ಆದ್ದರಿಂದ 'ಮಾರಿ' ಎಂಬ ಶಬ್ದ ಹಿಡಿದು ರೋಗ ಹುಡುಕಬೇಡಿ. ತಿಂಗಳು, ನೀರು, ಎಷ್ಟು ದಿನದಲ್ಲಿ ಸತ್ತರು, ಇದನ್ನು ಕೇಳಿ.

ವರ್ಷ ಯಾವುದು? ಅಜ್ಜಿ 1982ಕ್ಕೆ ಎಂಬತ್ತು ಅಂದರೆ ಹುಟ್ಟಿದ್ದು 1902ರ ಸುಮಾರಿಗೆ. ಸಣ್ಣವಳು, ಆದರೆ ನೆನಪು ಉಳಿಯುವ ಪ್ರಾಯ. 1908ರಿಂದ 1915ರ ಒಳಗೆ ಎಂದು ಇಟ್ಟುಕೊಳ್ಳಿ. ಆಗ ನಾವು ಮದರಾಸು ಪ್ರಾಂತ್ಯದವರು. ಮದರಾಸಿನ ಸ್ಯಾನಿಟರಿ ಕಮಿಷನರ್ ಪ್ರತಿ ವರ್ಷ ವರದಿ ಮಾಡುತ್ತಿದ್ದರು, ಜಿಲ್ಲೆವಾರು ಕಾಲರಾ ಸಾವಿನ ಪಟ್ಟಿ ಅದರಲ್ಲಿ ಉಂಟು. ಚೆನ್ನೈ ಎಗ್ಮೋರಿನ ಆರ್ಕೈವ್ಸಿನಲ್ಲಿ ಸಿಗುತ್ತದೆ, ಕೆಲವು ಇಂಟರ್ನೆಟ್ಟಿನಲ್ಲೇ ಉಂಟು. ಸೌತ್ ಕೆನರಾ ಎಂಬ ಸಾಲು ನೋಡಿ. ಆ ಏಳೆಂಟು ವರ್ಷದಲ್ಲಿ ಎಲ್ಲಿ ಏರಿದೆಯೋ ಅದೇ ನಿಮ್ಮ ಇಸವಿ ಇರಬಹುದು. ಹೆಸರು ಅಲ್ಲಿ ಸಿಗುವುದಿಲ್ಲ. ಹೆಸರಿಗೆ ಊರಿನ ಪಟೇಲರು ಬರೆದ ಜನನ-ಮರಣದ ಪುಸ್ತಕವೇ ಆಗಬೇಕು. ಉಳಿದಿದ್ದರೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಉಂಟು. ಗೆದ್ದಲು ಬಿಟ್ಟಿದ್ದರೆ! ಒಂದು ಅರ್ಜಿ ಕೊಡಿ, ಖರ್ಚು ಜಾಸ್ತಿ ಇಲ್ಲ.

---

ಪಕ್ಕದೂರಿನವ

ಮಾಷ್ಟ್ರೇ, ನೀವು ಯಾವ ಊರೆಂದು ಬರೆಯದಿದ್ದರೂ ಪಡುವಣ ಬದಿಯ ಕಲ್ಲು ತುಂಬಿದ ಬಾವಿ ಅಂದ ಕೂಡಲೇ ಗೊತ್ತಾಯಿತು. ನೀವು ಮಾರಿಯನ್ನು ಗಡಿ ದಾಟಿಸಿ ಕೈ ತೊಳೆದುಕೊಂಡಿರಲ್ಲ, ಅದು ಬಂದದ್ದು ನಮ್ಮೂರಿಗೆ! ನೂರು ವರ್ಷ ಆದ ಮೇಲೆ ತಪ್ಪೊಪ್ಪಿಗೆ ಬಂತು, ಸಂತೋಷ.

ತಮಾಷೆಗೆ ಹೇಳಿದೆ. ನಮ್ಮವರೂ ಸುಮ್ನೆ ಕೂರಲಿಲ್ಲ, ಮುಂದಿನ ಊರಿಗೆ ದಾಟಿಸಿದರು. ಹೀಗೆ ದಾಟಿಸಿ ದಾಟಿಸಿ ಕೊನೆಗೆ ಸಮುದ್ರಕ್ಕೆ ಬಿಡಬೇಕೆಂದು ಲೆಕ್ಕ. ಆದರೆ ಒಂದು ಮಾತು. ಓಡಿಸಿದ್ದು ಮಾರಿಯನ್ನು, ರೋಗಿಯನ್ನಲ್ಲ. ಆಟಿ ಕಳೆಂಜ ವೇಷ ಹಾಕಿದವ ಮನೆಗೆ ಬಂದು ಕುಣಿದರೆ ಅಕ್ಕಿ, ಉಪ್ಪು, ಮೆಣಸು, ಹುಳಿ, ಅರಸಿನ, ಮಸಿ ಕೊಡುತ್ತೇವಲ್ಲ. ಅದು ಮಾರಿ ಕಳೆಯುವುದೂ ಹೌದು, ಆಟಿಯಲ್ಲಿ ಕೆಲಸವಿಲ್ಲದೆ ಕೂತವನ ಮನೆಗೆ ಅಕ್ಕಿ ಮುಟ್ಟಿಸುವುದೂ ಹೌದು. ಇಂಗ್ಲೆಂಡಿನ ಕಲ್ಲಿನ ತೂತಿನ ಎದುರು ನಮ್ಮದನ್ನು ಅಷ್ಟು ಸಣ್ಣದು ಮಾಡಬೇಡಿ.

ಈಗ ಕೆಲಸದ ವಿಷಯ. ಆ ಬಾವಿಯ ಸುತ್ತಿನ ಜಾಗ 1974ರ ಭೂಸುಧಾರಣೆ ಕಾನೂನಿನ ಮೇಲೆ ನಮ್ಮ ತಂದೆಗೆ ಡಿಕ್ಲರೇಶನಿನಲ್ಲಿ (ಗೇಣಿದಾರ ಅರ್ಜಿ ಹಾಕಿ ಜಾಗ ತನ್ನ ಹೆಸರಿಗೆ ಮಾಡಿಸಿಕೊಳ್ಳುವುದು) ಆದದ್ದು. ಭೂ ನ್ಯಾಯ ಮಂಡಳಿಯ ಫೈಲಿನ ಜೆರಾಕ್ಸ್ ನಮ್ಮಲ್ಲಿ ಉಂಟು. ಅದರಲ್ಲಿ ತಂದೆಯವರ ಹೇಳಿಕೆ: 'ನಮ್ಮ ಹಿರಿಯರು ಈ ಜಾಗಕ್ಕೆ ಚಾಲಗೇಣಿಗೆ (ವರ್ಷವಾರು ಗೇಣಿಗೆ) ಬಂದದ್ದು, ಮೊದಲಿದ್ದ ಒಕ್ಕಲಿನವರು ಬೇನೆಯಲ್ಲಿ ತೀರಿಕೊಂಡು ಜಾಗ ಹಡಿಲು ಬಿದ್ದ ಮೇಲೆ.' ಜೊತೆಗೆ ಎರಡು ಹಳೆಯ ಗೇಣಿ ಚೀಟಿ. ಒಂದರಲ್ಲಿ ನಮ್ಮ ಅಜ್ಜನ ಹೆಸರು, ಅದಕ್ಕಿಂತ ಹಳೆಯದರಲ್ಲಿ ಬೇರೆ ಹೆಸರು. ಆ ಬೇರೆ ಹೆಸರು ಯಾರದು ಎಂದು ನಾವು ಇಲ್ಲಿಯ ತನಕ ಯೋಚಿಸಲಿಲ್ಲ. ಜಾಗ ಸಿಕ್ಕಿತಲ್ಲ, ಸಾಕು ಎಂದಿದ್ದೆವು.

ಎಲ್ಲರಿಗೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಬಡವರ ಹೆಸರು ಹುಡುಕಬೇಕಾದರೆ ಶಾಸನ, ಗಜೆಟಿಯರ್ ಬಿಟ್ಟು ಈ ಡಿಕ್ಲರೇಶನ್ ಫೈಲು ನೋಡಿ. 1900ರ ಆಸುಪಾಸಿನ ಸರ್ವೆಯ ಜಮೀನು ಪುಸ್ತಕ ಅಡಂಗಲ್‌ನಲ್ಲಿ ಇರುವುದು ವರ್ಗದಾರರ ಹೆಸರು, ಅಂದರೆ ಧಣಿಗಳದ್ದು. ಉಳುವವರು ಸಿಗುವುದು 1974ರ ನಂತರದ ವಿಚಾರಣೆಯಲ್ಲಿ. ಮುದುಕರು ಬಂದು ಸಾಕ್ಷಿ ಹೇಳಿದ್ದಾರೆ, ಅಜ್ಜ ಮುತ್ತಜ್ಜ ಎಲ್ಲ ಬರೆಸಿದ್ದಾರೆ.

ಕೊನೆಗೆ ಒಂದು, ಬೇಸರ ಮಾಡಬೇಡಿ. ಆ ಗೇಣಿ ಚೀಟಿಯಲ್ಲಿ ಧಣಿಯ ಮನೆ ಎಂದು ಇರುವುದು ನಿಮ್ಮದೇ ಮನೆ. ಗಾಡಿ ಕಟ್ಟಿ ಮಕ್ಕಳನ್ನು ಕಾರ್ಕಳಕ್ಕೆ ಕಳಿಸಿದ್ದು ಸರಿಯೇ, ಯಾರಾದರೂ ಕಳಿಸುತ್ತಾರೆ. ಗಾಡಿ ಇದ್ದದ್ದು ಒಂದು ಮನೆಯಲ್ಲಿ ಮಾತ್ರ.

---

ಪೆನ್ಶನ್ ಮಾಷ್ಟ್ರು (ಶಿರ್ವ ಹತ್ತಿರ)

ಎಲ್ಲರಿಗೂ ಉತ್ತರಿಸಲು ಒಂಬತ್ತು ದಿನ ತಡವಾಯಿತು. ಕಾರಣ ಕಡೆಯ ಕಮೆಂಟು. ಬೇಸರ ಅಲ್ಲ. ಓದಿದ ಮೇಲೆ ಬಾವಿಯ ಹತ್ತಿರ ಹೋಗಿ ಬಂದೆ, ಐವತ್ತು ವರ್ಷದಲ್ಲಿ ಮೊದಲ ಸಲ. ಪೊದೆ ಕಡಿಯಲು ಒಬ್ಬ ಆಳು, ಜೊತೆಗೆ ನನ್ನ ಕತ್ತಿ. ಮಧ್ಯದ ಮನೆಯ ಪಂಚಾಂಗದಲ್ಲಿ ಕಡೆಯುವ ಕಲ್ಲಿನ ಅರ್ಧ ತುಂಡು ಸಿಕ್ಕಿತು. ಅದರ ಗುಳಿಗೆ ಹೆಬ್ಬೆರಳು ಹಾಕಿ ನೋಡಿದೆ. ಅಂಚು ಸವೆದು ನುಣ್ಣಗೆ. ಅಡಿಯಲ್ಲಿ ಮಳೆನೀರು.

ಇನ್‌ಸ್ಪೆಕ್ಟರ್ ಸಾಹೇಬರೇ, ನಮ್ಮ ದೊಡ್ಡಮ್ಮನನ್ನು ಕೇಳಿದೆ. ಪ್ರಾಯ 91, ಕಿವಿ ಮಂದ, ಬಾಯಿ ಚುರುಕು. 'ಬಾವಿಗೆ ಮದ್ದು ಹಾಕಲು ಸರಕಾರದವರು ಬಂದಿದ್ದರಂತೆ, ಅವರನ್ನೂ ಓಡಿಸಲು ನೋಡಿದರಂತೆ' ಅಂದಳು. ನೀವು ಹೇಳಿದ್ದು ಸರಿ. ಅಜ್ಜಿ ಇದನ್ನು ನನಗೆ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಸಿಸ್ಟರೇ, ಮುಂದಿನ ಸಲ ಬಂಗುಡೆ ಸಾರಿಗೆ ಖಂಡಿತ ಬರುತ್ತೇವೆ. ರೈಲಿ ಗದ್ದೆಗೆ ಹೋಗಿರಲಿಲ್ಲ, ಮೊಣಕಾಲು ಬಿಡಲಿಲ್ಲ.

ಇಗರ್ಜಿಗೆ ಹೋಗಿ ಬಂದೆ. ಫಾದರ್ ಚಹಾ ಕೊಟ್ಟರು. ಪುಸ್ತಕ ನೋಡಲು ಮುಂದಿನ ವಾರ ಬರಲು ಹೇಳಿದ್ದಾರೆ. ತಾಲೂಕು ಕಚೇರಿಗೆ ಅರ್ಜಿ ಹಾಕಿದ್ದೇನೆ, ರಶೀದಿ ಉಂಟು, ಅಷ್ಟೇ.

ಪಕ್ಕದೂರಿನವರೇ, ನಿನ್ನೆ ನೀವು ವಾಟ್ಸಾಪಿನಲ್ಲಿ ಕಳಿಸಿದ ಗೇಣಿ ಚೀಟಿಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅಕ್ಷರ ನಮ್ಮ ಮನೆಯ ಹಿರಿಯರದ್ದೇ, ಲೆಕ್ಕದ ಪುಸ್ತಕದಲ್ಲಿ ಅದೇ ಕೈಬರಹ ಉಂಟು. ಆ ಹಳೆಯ ಹೆಸರು ಹೆಂಗಸಿನದ್ದು. ಇಲ್ಲಿ ಹಾಕುವುದಿಲ್ಲ. ಅವಳ ತಂಗಿಯ ಕಡೆಯವರು ಬೆಳ್ಮಣ್ಣು ಹತ್ತಿರ ಇದ್ದಾರೆಂದು ದೊಡ್ಡಮ್ಮ ಹೇಳಿದಳು, ಮೊದಲು ಅವರನ್ನು ಕೇಳಬೇಕು.

ಆದರೆ ಆ ಹೆಸರು ನನಗೆ ಹೊಸತಲ್ಲ. ನಮ್ಮ ಬೈಲಿನ ಕೊನೆಯ ಗದ್ದೆಯನ್ನು ಮನೆಯಲ್ಲಿ ಎಲ್ಲರೂ ಅದೇ ಹೆಸರಿನಿಂದ ಕರೆಯುವುದು. 'ಇವತ್ತು ಅವಳ ಗದ್ದೆಗೆ ನೀರು ಬಿಡಬೇಕು', 'ಅವಳ ಗದ್ದೆಗೆ ಹಂದಿ ಬಂತು' ಎಂದು ದಿನಾ ಹೇಳುತ್ತೇವೆ. ಹಿಂದೆ ಯಾವುದೋ ಎಮ್ಮೆಗೆ ಆ ಹೆಸರು ಇದ್ದಿರಬೇಕೆಂದು ನಾನು ತಿಳಿದಿದ್ದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮಲ್ಲಿಗೆ ಬರುತ್ತೇನೆ. ಫೈಲು ತೆಗೆದಿಡಿ. ಜೆರಾಕ್ಸಿನ ದುಡ್ಡು ನನ್ನದು.